ಆಯಿಯ ಹೊಟ್ಟೆಯೊಳಗಿನ ಬೆಳಕು

|| ಶ್ರೀ ಗುರು ಬಸವಲಿಂಗಾಯ ನಮಃ ||

ಫೆಬ್ರುವರಿ ೧೧, ಮಂಗಳವಾರ
ವಾರ್ಡಿನ ಹೊರಗಿನ ಬೆಂಚು, ಮುಂಬೈ

ಪ್ರೀತಿಯ ಅವ್ವನಿಗೆ ನೀಲಗಂಗಾಳ ಶರಣಾರ್ಥಿ.

ಸಂಕ್ರಾಂತಿಗೆ ನೀನು ಕಳಿಸಿದ ಕುಸುರೆಳ್ಳಿನ ಡಬ್ಬಿಗೆ ಇವತ್ತು ಉತ್ತರ ಬರೆಯುತ್ತಿದ್ದೇನೆ. ತಡವಾಯಿತು. ಬೈಯುವುದಿದ್ದರೆ ಬೈ, ಆದರೆ ಪೂರ್ತಿ ಓದಿದ ಮೇಲೆ ಬೈ. ಕುಸುರೆಳ್ಳನ್ನು ಹೆಚ್ಚಾಗಿ ತಿಂದವಳು ರೂಮ್‌ಮೇಟ್ ಯಕ್ಷಿತಾ. ನನಗೆ ಪೆನ್ನಿನ ಕ್ಯಾಪೇ ಸಾಕು, ನಿನಗೆ ಗೊತ್ತಲ್ಲ. ಫಸ್ಟ್ ಇಯರ್ ಮುಗಿಯುವುದರೊಳಗೆ ನಾನು ಒಂದು ಸ್ಟೇಷನರಿ ಅಂಗಡಿಯನ್ನೇ ಅಗಿದು ಮುಗಿಸುತ್ತೇನಂತೆ.

“ಡೊಂಬಿವಲಿಗೆ ಯಾರಾದ್ರೂ ಲೆಟರ್ ಬರೀತಾರಾ ಯಾ? ಕಾಲ್ ಮಾಡು. ಇಲ್ಲಾಂದ್ರೆ ಲೋಕಲ್ ಹಿಡಿದು ಹೋಗು” ಎಂದೂ ಅವಳು ನಗುತ್ತಾಳೆ. ಅವಳಿಗೆ ಹೇಗೆ ಹೇಳುವುದು? ಫೋನಿನಲ್ಲಿ ನಮ್ಮಿಬ್ಬರಿಗೆ ‘ಊಟ ಆತು?’ ‘ಆತು’ ಆದ ಮೇಲೆ ಮಾತೇ ಹುಟ್ಟುವುದಿಲ್ಲ. ನೀನು ನನಗೆ ತಾಯಿಯಾಗಿ ಗೊತ್ತಿರುವುದೇ ಧಾರವಾಡದ ಶಾಲೆಯ ಹಾಸ್ಟೆಲಿಗೆ ಬರುತ್ತಿದ್ದ ಕಾಗದಗಳಲ್ಲಿ. ಅಲ್ಲದೆ ನಿನ್ನ ಮೊಬೈಲು ಮನೀಶನ ಗೇಮಿಗೇ ಸಾಲುವುದಿಲ್ಲ. ನಾನು ಮೆಸೇಜ್ ಹಾಕಿದರೆ ಮೊದಲು ಓದುವವನು ಅವನೇ. ಪಾಪ, ಒಳ್ಳೆಯ ತಮ್ಮ. ಆದರೂ ಇದನ್ನು ಅವನು ಓದುವುದು ಬೇಡ.

ಸುತ್ತಿ ಬಳಸಿ ಬರೆಯುತ್ತಿದ್ದೇನೆ ಎಂದರೆ ಏನೋ ಆಗಿದೆ ಎಂದು ನೀನು ಊಹಿಸಿರಬೇಕು. ಆಯಿ, ನಿನ್ನ ಅತ್ತೆ, ನಮ್ಮ ಕಾಲೇಜಿನ ಆಸ್ಪತ್ರೆಯಲ್ಲಿದ್ದಾಳೆ. ಬಸು ಕಾಕಾ ನಿನಗೆ ತಿಳಿಸಿರುತ್ತಾನೆ ಎಂದುಕೊಂಡಿದ್ದೆ. ತಿಳಿಸಿಲ್ಲವೆಂದು ಇವತ್ತು ಗೊತ್ತಾಯಿತು. ಅಪ್ಪ ತೀರಿಕೊಂಡು ನೀನು ಬೇರೆ ಸಂಸಾರ ಕಟ್ಟಿಕೊಂಡ ಮೇಲೆ ಘಾಟ್ಕೋಪರ್‌ನ ಆ ಮನೆಯಲ್ಲಿ ನಿನ್ನ ಹೆಸರನ್ನು ಯಾರೂ ಎತ್ತುವುದಿಲ್ಲವಲ್ಲ, ಅದೇ ರೂಢಿ. ಗಾಬರಿಯಾಗಬೇಡ. ಎಲ್ಲರ ಪಾಲಿನ ಗಾಬರಿಯನ್ನೂ ನಾನೊಬ್ಬಳೇ ಮಾಡಿ ಮುಗಿಸುತ್ತಿದ್ದೇನೆ.

ಕಳೆದ ವಾರ ಕಾಕಾ ಫೋನ್ ಮಾಡಿ, “ನೀಲಾ, ಆಯೀ ಹೊಟ್ಟಿ ನಗಾರಿ ಆಗೇತಿ ನೋಡವಾ. ಬಡದ್ರ ಸಪ್ಪಳ ಬರತೈತಿ. ಗ್ಯಾಸೂ ಹೋಗವಲ್ದು” ಅಂದ. ಇಲ್ಲಿಗೆ ಕರೆತಂದರು. ಎಕ್ಸ್‌ರೇಯಲ್ಲಿ ಹೊಟ್ಟೆಯ ತುಂಬ ಒಂದು ದೊಡ್ಡ ಕಾಫಿ ಬೀಜದ ಆಕಾರ. ಪುಸ್ತಕದಲ್ಲಿ ನೋಡಿದ್ದ ಚಿತ್ರವೇ! ಒಂದು ಕ್ಷಣ ಖುಷಿಯಾಯಿತು ಅವ್ವಾ, ಗುರುತು ಹಿಡಿದೆನಲ್ಲ ಎಂದು. ಆಮೇಲೆ ಅದು ಆಯಿಯ ಹೊಟ್ಟೆ ಎಂದು ನೆನಪಾಯಿತು.

ದೊಡ್ಡ ಕರುಳಿನ ಕೊನೆಯ ಭಾಗ ಉದ್ದವಾಗಿ ಜೋತುಬಿದ್ದು, ತನ್ನ ಸುತ್ತ ತಾನೇ ತಿರುಚಿಕೊಂಡಿದೆ. ದೀಪಾವಳಿಯಲ್ಲೂ ಹೀಗೇ ಆಗಿತ್ತು. ಆಗ ಕೆಳಗಿನಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ತಿರುವು ಬಿಡಿಸಿ ಮನೆಗೆ ಕಳಿಸಿದ್ದರು. ಈಗಲೂ ಬಿಡಿಸಿದ್ದಾರೆ. ಆದರೆ ಅದು ಮತ್ತೆ ತಿರುಚಿಕೊಳ್ಳುತ್ತದೆ. ಯಾವತ್ತೋ ಒಂದು ಸಲ ರಕ್ತ ನಿಂತು ಕರುಳು ಕಪ್ಪಾದರೆ ಮುಗಿಯಿತು. ಬೇರೆಯವರಿಗಾದರೆ ಆ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಆಯಿಯ ಹೃದಯಕ್ಕೆ ಅಷ್ಟು ಶಕ್ತಿ ಇಲ್ಲ. ಒಲೆಯ ಹೊಗೆ ಕುಡಿದ ಪುಪ್ಪುಸವೂ ಹಾಗೇ. ಅರಿವಳಿಕೆ ಕೊಡುವ ಡಾಕ್ಟರು ರಿಪೋರ್ಟ್ ನೋಡಿ ತಲೆ ಅಲ್ಲಾಡಿಸಿಬಿಟ್ಟರು.

ಈ ವಿಭಾಗದ ಡಾಕ್ಟರ್ ಲಾವಣ್ಯಾ ಮಂಗಳೂರಿನವರು. ನಾವು ಕನ್ನಡದವರೆಂದು ತಿಳಿದು ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು ಹೇಳಿದರು: “ನೋಡಿ, ಆಪರೇಷನ್ ಮಾಡುವ ಹಾಗಿಲ್ಲ, ಸುಮ್ಮನೆ ಬಿಡುವ ಹಾಗೂ ಇಲ್ಲ. ನಡುವಿನ ದಾರಿ ಒಂದುಂಟು. ಕ್ಯಾಮೆರಾ ಒಳಗೆ ಹಾಕಿ ಕರುಳನ್ನು ಹೊಟ್ಟೆಯ ಗೋಡೆಗೆ ತಾಗಿಸುವುದು. ಹೊರಗಿನಿಂದ ಎರಡು ಕಡೆ ಸಣ್ಣ ಟ್ಯೂಬ್ ಹಾಕಿ ಹಿಡಿಸುವುದು. ಪೂರ್ತಿ ಪ್ರಜ್ಞೆ ತಪ್ಪಿಸುವುದು ಬೇಡ. ರಿಸ್ಕ್ ಇಲ್ಲ ಅಂತ ನಾನು ಹೇಳುವುದಿಲ್ಲ. ಸೋಂಕು ಆಗಬಹುದು, ಲೀಕ್ ಆಗಬಹುದು.”

ಕಾಕಾನದು ಪೈಪು ಮತ್ತು ನಲ್ಲಿಗಳ ಅಂಗಡಿಯಲ್ಲವೇ, ಮುಖ ಅರಳಿತು. “ಅಂದ್ರ ಪೈಪಿಗೆ ಗ್ವಾಡಿಗಿ ಕ್ಲಾಂಪ್ ಹೊಡದಂಗ! ಒಂದ ಹೊಡದ್ರ ಅದರ ಸುತ್ತ ತಿರಗತೈತಿ. ಅದಕ್ಕ ಎರಡು.”

“ಅಷ್ಟೇ ನೋಡಿ” ಅಂದರು ಡಾಕ್ಟರು.

ಅವರು ಆಚೆ ಹೋದದ್ದೇ ತಡ, ಕಾಕಾ ನನ್ನ ಕಡೆ ತಿರುಗಿದ. “ನೀ ಹೇಳವಾ ಈಗ. ಮಾಡಸೂದೋ ಬ್ಯಾಡೋ?”

“ಕಾಕಾ, ನಾನು ಫಸ್ಟ್ ಇಯರ್.”

“ಫಸ್ಟ್ ಇಯರ್ ಡಾಕ್ಟರ್ ಅಂದ್ರ ಡಾಕ್ಟರ್ ಅಲ್ಲೇನ ಮತ್ತ?”

“ಹೇಳಾಕ ಬರಾಂಗಿಲ್ಲಂದ್ರ ಈ ಬಿಳೀ ಕೋಟ್ ಯಾಕ ಹಾಕ್ಕೊಂಡ ಅಡ್ಡಾಡತೀ?” ಎಂದು ಚಿಗವ್ವ ಸೇರಿಸಿದಳು.

ನಾನು ಈವರೆಗೆ ಮುಟ್ಟಿರುವುದು ಸತ್ತವರ ಕರುಳನ್ನು ಮಾತ್ರ. ಅದು ತಿರುಚುವುದಿಲ್ಲ, ಉಬ್ಬುವುದಿಲ್ಲ, ‘ನೀಲವ್ವಾ’ ಎಂದು ಕರೆಯುವುದೂ ಇಲ್ಲ. ಯಾವ ರೋಗ ಓದಿದರೂ ಅದು ನನಗೇ ಬಂದಂತೆ ಅನಿಸುತ್ತದೆ. ಈ ವಾರ ದಿನಕ್ಕೆ ಹತ್ತು ಸಲ ನನ್ನ ಹೊಟ್ಟೆಯನ್ನೇ ಬಡಿದು ನೋಡಿಕೊಳ್ಳುತ್ತಿದ್ದೇನೆ.

ಆದರೆ ಬೆಂಚಿನ ಮೇಲೆ ಕೂತು ನಿನಗೆ ಬರೆಯುತ್ತಿರುವುದು ಇದಕ್ಕಲ್ಲ. ನಿನ್ನೆಯಿಂದ ಆಯಿ ಬಾಯಿಗೆ ಏನನ್ನೂ ಹಾಕಿಕೊಳ್ಳುತ್ತಿಲ್ಲ. ಹೊಟ್ಟೆ ಈಗ ಇಳಿದಿದೆ. ನೀರು ಕುಡಿಯಬೇಕು, ಕರುಳು ಶುದ್ಧವಾಗುವ ಔಷಧಿ ಕುಡಿಯಬೇಕು. ಆಮೇಲೆ ತಾನೇ ಆ ಟ್ಯೂಬು! ಸಲೈನ್ ಜಾಸ್ತಿ ಏರಿಸಿದರೆ ಹೃದಯ ತಡೆಯದೆ ಎದೆಯಲ್ಲಿ ನೀರು ತುಂಬುತ್ತದೆ. ಕುಡಿಸಬೇಕು, ಬೇರೆ ದಾರಿಯಿಲ್ಲ. ಆಯಿ ತುಟಿ ಬಿಗಿದುಕೊಂಡಿದ್ದಾಳೆ.

“ಆಯೀ, ಒಂದ ಗುಟುಕ.”

“ಬ್ಯಾಡವಾ. ಬಾಯಾಗ ರುಚಿ ಇಲ್ಲ.”

ಹಾಗೆನ್ನುತ್ತಾಳೆ, ಆದರೆ ಗ್ಲಾಸನ್ನೇ ನೋಡುತ್ತಾಳೆ. ಕೈ ಎದೆಯವರೆಗೆ ಹೋಗುತ್ತದೆ, ಮತ್ತೆ ಹಾಸಿಗೆಗೆ ಬೀಳುತ್ತದೆ. ನಾಲಿಗೆ ಒಣಗಿ ಬಿರಿದಿದೆ. ಬೇಡವಾದವರು ನೀರನ್ನು ಹಾಗೆ ನೋಡುತ್ತಾರೆಯೇ? ಇಲ್ಲಿಯ ಸಿಸ್ಟರ್‌ಗಳು ಮರಾಠಿಯವರು, ನಾನು ‘ಆಯಿ’ ಅಂದದ್ದಕ್ಕೆ ಅವಳು ನನ್ನ ತಾಯಿಯೆಂದೇ ತಿಳಿದಿದ್ದಾರೆ. “ತುಝೀ ಆಯಿ ಐಕತ್ ನಾಹೀ ಗ!” ಎನ್ನುತ್ತಾರೆ, ನಿಮ್ಮವ್ವ ಮಾತೇ ಕೇಳುವುದಿಲ್ಲ ಎಂದು. ನಾನು ತಿದ್ದಲು ಹೋಗಿಲ್ಲ. ನೀನು ಬೇಜಾರು ಮಾಡಿಕೊಳ್ಳಬೇಡ.

ಸಂಜೆ ರೌಂಡ್ಸ್‌ನಲ್ಲಿ ಡಾಕ್ಟರ್ ಲಾವಣ್ಯಾ ಮೆಲ್ಲಗೆ ಹೇಳಿದರು: “ನಾಳೆವರೆಗೆ ನೋಡುವ. ಅಜ್ಜಿಗೇ ಚಿಕಿತ್ಸೆ ಬೇಡ ಅಂತಾದರೆ ಒತ್ತಾಯ ಮಾಡುವುದು ಸರಿಯಲ್ಲ. ಮನೆಗೆ ಕರ್ಕೊಂಡು ಹೋಗಿ, ನೋವಾಗದ ಹಾಗೆ ನೋಡಿಕೊಳ್ಳಬಹುದು.” ಚಿಗವ್ವ ಆಗಲೇ ಚೀಲ ಕಟ್ಟುತ್ತಿದ್ದಾಳೆ. ಕಾಕಾ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ. ಆಯಿಗೆ ನಿಜವಾಗಿಯೂ ಸಾಕಾಗಿದೆಯೇ? ನನಗಂತೂ ಒಂದೂ ತಿಳಿಯುತ್ತಿಲ್ಲ. ಸಿಸ್ಟರ್ ಕರೆಯುತ್ತಿದ್ದಾರೆ, ನಿಲ್ಲಿಸುತ್ತೇನೆ.

ಬುಧವಾರ, ಹಾಸ್ಟೆಲ್

ಅವ್ವಾ, ನಿನ್ನೆಯ ಕಾಗದವನ್ನು ಪೋಸ್ಟ್ ಮಾಡಲಿಲ್ಲ. ಒಳ್ಳೆಯದೇ ಆಯಿತು.

ಬೆಳಿಗ್ಗೆ ಮೆಸ್ಸಿನಲ್ಲಿ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು ಕೂತೆ. ನಿದ್ದೆಗೆಟ್ಟ ತಲೆ. ಚಮಚ ಎತ್ತುವ ಮೊದಲು ಕೈ ತಾನಾಗಿಯೇ ಕೊರಳಿಗೆ ಹೋಯಿತು. ಧಾರವಾಡದ ಅಭ್ಯಾಸ. ಅಲ್ಲಿ ಬಡಿಸುತ್ತಿದ್ದ ಮಲ್ಲವ್ವನ ಬಗ್ಗೆ ನಿನಗೆ ಎಷ್ಟು ಸಲ ಬರೆದಿಲ್ಲ! ಸವಟು ಹಿಡಿದು ಸಾಲಿನ ಮುಂದೆ ನಿಲ್ಲುವಳು. “ಮೊದಲ ಲಿಂಗಪೂಜಿ, ಆಮ್ಯಾಲ ಉಪ್ಪಿಟ್ಟು. ಕೊರಳ ತೋರಸ್ರವಾ!” ಲಿಂಗ ಕಟ್ಟಿದ ಶಿವದಾರ ಕಾಣದಿದ್ದರೆ ಸವಟು ಕೆಳಗಿಳಿಯುತ್ತಿರಲಿಲ್ಲ. ಭೇಟಿಯ ಭಾನುವಾರಗಳಂದು ಮಾತ್ರ ನನಗೆ ಕೇಳದೆಯೇ ಒಂದು ಸವಟು ಜಾಸ್ತಿ ಹಾಕುವಳು. ಉಳಿದವರ ಅವ್ವಂದಿರು ಶೇಂಗಾ ಹೋಳಿಗೆ ತರುತ್ತಿದ್ದರಲ್ಲ, ಅದಕ್ಕೆ. ನೀನು ಬರುವಂತಿರಲಿಲ್ಲ. ಮನೀಶ ಸಣ್ಣವನಿದ್ದ, ದೂರದ ದಾರಿ, ನನಗೆ ಗೊತ್ತು. ಹಾಸ್ಟೆಲಿಗೆ ಯಾಕೆ ಹಾಕಿದಿರಿ ಎಂದು ಕಾಗದದಲ್ಲಿ ಕೇಳಿದರೆ ನೀನು ‘ಆಯಿಯನ್ನು ಕೇಳು’ ಎಂದು ಬರೆಯುತ್ತಿದ್ದೆ. ಆಯಿಯನ್ನು ಕೇಳಿದರೆ “ನಿಮ್ಮವ್ವನ್ನ ಕೇಳ್ಹೋಗು” ಎನ್ನುತ್ತಿದ್ದಳು. ಎಲ್ಲಿಂದ ಎಲ್ಲಿಗೋ ಹೋದೆ, ಇರಲಿ.

ಕೊರಳಿಗೆ ಹೋದ ಕೈ ಅಲ್ಲೇ ನಿಂತಿತು. ಆಯಿಯ ಕೊರಳು! ಆಸ್ಪತ್ರೆಯ ಹಸಿರು ಗೌನಿನ ಮೇಲೆ ಬರಿಯ ಕೊರಳು.

ಮೆಸ್ಸಿನಿಂದಲೇ ಕಾಕಾನಿಗೆ ಫೋನ್ ಹಚ್ಚಿದೆ. “ಆಯೀ ಲಿಂಗದ ಕರಡಿಗಿ ಎಲ್ಲೈತಿ?”

“ಮೊನ್ನೆ ಸ್ಕ್ಯಾನ್ ತೆಗಿಯೂ ಮುಂದ ತಗೀರಿ ಅಂದ್ರು, ತಗದೆ. ಬೆಳ್ಳೀದು, ಆಸ್ಪತ್ರ್ಯಾಗ ಕಳದ್ರ ಏನ್ ಮಾಡೂದು? ಮನ್ಯಾಗ ದೇವರ ಜಗಲಿ ಮ್ಯಾಲ ಜೋಪಾನ ಇಟ್ಟೇನಿ. ಯಾಕ?”

“ಕಾಕಾ, ಲಿಂಗ ಮೈಮ್ಯಾಲ ಇಲ್ಲದ ಆಯಿ ನೀರ ಕುಡೀತಾಳೇನು?”

ಆ ಕಡೆಯಿಂದ “ಅಯ್ಯ ಶಿವನ” ಎಂಬ ಒಂದು ಮಾತು. ಅವನಿಗೆ ಹೊಳೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ಮುಂಬೈಗೆ ಬಂದ ಮೇಲೆ ಅವನೂ ಕಟ್ಟಿಕೊಳ್ಳುವುದನ್ನು ಬಿಟ್ಟಿದ್ದಾನೆ, ಚಿಗವ್ವನೂ ಬಿಟ್ಟಿದ್ದಾಳೆ. ನನ್ನದು ಟ್ರಂಕಿನಲ್ಲಿ ಸ್ವೆಟರಿನ ಕೆಳಗಿದೆ. ಆ ಮನೆಯಲ್ಲಿ ಇನ್ನೂ ಕಟ್ಟಿಕೊಳ್ಳುವವಳು ಆಯಿಯೊಬ್ಬಳೇ, ಅವಳದನ್ನೇ ನಾವೆಲ್ಲ ಸೇರಿ ಜೋಪಾನ ಮಾಡಿದೆವು.

ಕಾಕಾ ಆಸ್ಪತ್ರೆಯಲ್ಲಿ ಆಯಿಯ ಹತ್ತಿರವಿದ್ದ. ನಾನೇ ಹೊರಟೆ. ಫಿಸಿಯಾಲಜಿ ಪ್ರಾಕ್ಟಿಕಲ್ ತಪ್ಪಿತು, ತಪ್ಪಲಿ. ದಾದರಿನಲ್ಲಿ ಕಲ್ಯಾಣ ಫಾಸ್ಟ್ ಸಿಕ್ಕಿತು. ಆ ಹೊತ್ತಿಗೆ ಆ ಕಡೆಯ ಗಾಡಿ ಖಾಲಿ, ಕಿಟಕಿಯ ಸೀಟೇ ಸಿಕ್ಕಿತು. ಕುರ್ಲಾ ದಾಟುವಾಗ ಒಂದು ಯೋಚನೆ ಬಂತು. ಘಾಟ್ಕೋಪರ್‌ನಲ್ಲಿ ಇಳಿಯದೆ ಹೀಗೇ ಕೂತಿದ್ದರೆ ಈ ಗಾಡಿ ನನ್ನನ್ನು ಡೊಂಬಿವಲಿಗೆ, ನಿನ್ನ ಹತ್ತಿರ ತಂದುಬಿಡುತ್ತದೆ. ಯಾರೂ ‘ನೀ ಹೇಳು ಡಾಕ್ಟರ್’ ಎನ್ನುವುದಿಲ್ಲ. ಇಳಿದೆ.

ಜಗಲಿಯ ಮೇಲೆ ಕರಡಿಗೆಗೆ ಹೂ ಏರಿಸಿಟ್ಟಿದ್ದರು. ಅದನ್ನು ಆಯಿಯ ವಿಭೂತಿ ಗಟ್ಟಿಯ ಜೊತೆ ಒಗೆದ ಪಂಚೆಯಲ್ಲಿ ಸುತ್ತಿಕೊಂಡೆ. ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಉಸಿರಾಡಲೂ ಜಾಗವಿಲ್ಲ. ಗಂಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದರಿಂದ ಹಿಡಿದುಕೊಳ್ಳಲು ಕೈಯಿರಲಿಲ್ಲ. “ಅರೆ, ಹ್ಯಾಂಡಲ್ ಪಕಡ್ ನಾ! ಬಚ್ಚಾ ಹೈ ಕ್ಯಾ ಅಂದರ್?” ಎಂದು ಒಬ್ಬ ಹೆಂಗಸು ಗದರಿದಳು, ಒಳಗೇನು ಮಗುವಿದೆಯಾ ಎಂದು. “ದಾದಿ ಕಾ ಭಗವಾನ್ ಹೈ” ಅಂದೆ, ಅಜ್ಜಿಯ ದೇವರು ಎಂದು. ಅವಳು ನನ್ನ ಬ್ಯಾಗಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದು ನಿಂತಳು. ದಾದರ್ ಬರುವವರೆಗೂ ಬಿಡಲಿಲ್ಲ.

ಸಿಸ್ಟರ್ ಪರದೆ ಎಳೆದುಕೊಟ್ಟರು. ಆಯಿ ಗಂಟು ನೋಡಿದ್ದೇ ಎದ್ದು ಕೂತಳು. ಅಲ್ಲಿಯವರೆಗೆ ಮಗ್ಗುಲಾಗಲೂ ಎರಡು ಜನ ಬೇಕಾಗಿತ್ತು. ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಎಡಗೈಯ ಮೇಲಿಟ್ಟು ಅದನ್ನೇ ನೋಡಿದಳು. ಸಲೈನಿನ ಸೂಜಿ ಇದ್ದ ಆ ಕೈಯನ್ನು ನಾನು ಕೆಳಗಿನಿಂದ ಆನಿಸಿ ಹಿಡಿದೆ. ಕೊರಳಿಗೆ ಕಟ್ಟಿಕೊಂಡ ಮೇಲೆ, “ತಾ, ನೀರ ತಾ” ಅಂದಳು. ಒಂದೇ ಏಟಿಗೆ ಕುಡಿಯಬಾರದೆಂದು ಗ್ಲಾಸು ಕಸಿದುಕೊಳ್ಳಬೇಕಾಯಿತು.

“ಬಾಯಿ ಬಿಟ್ಟ ಹೇಳಬಾರದೇನ ಆಯೀ?”

“ಜೋಪಾನ ಮಾಡೇನಿ ಅಂತ ಬಸೂ ಎಷ್ಟ ಖುಷೀಲೆ ಹೇಳಿದಾ. ಅಂಗಡಿ ಬಿಟ್ಟ ಓಡ್ಯಾಡಿ ಸೊರಗ್ಯಾನ. ಮತ್ತ ಮನೀಗಿ ಓಡು ಅಂತ ಹೆಂಗ ಹೇಳ್ಲಿ? ಇವತ್ತ ತರತಾನು, ನಾಳೆ ತರತಾನು ಅಂತ ಕಾಯಾಕತ್ತಿದ್ದೆ.” ಆಮೇಲೆ ನನ್ನ ಕೊರಳು ನೋಡಿ, “ನಿಂದೆಲ್ಲೈತಿ?” ಅಂದಳು.

“ಔಷಧಿ ಕುಡಿ ಮೊದಲ” ಅಂದೆ.

ಡಾಕ್ಟರ್ ಲಾವಣ್ಯಾ ಖಾಲಿ ಜಗ್ಗು ನೋಡಿ, “ಎಂತ ಮಂತ್ರ ಹಾಕಿದೆ ಮಾರಾಯ್ತಿ?” ಎಂದು ಕೇಳಿದರು. ಹೇಳಿದೆ. “ನಾಳೆ ಒಳಗೆ ಬೆಳ್ಳಿ ಬೇಡ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿ. ನೀನೂ ಬಾ, ಅಜ್ಜಿಗೆ ನಿಮ್ಮ ಕನ್ನಡದಲ್ಲಿ ಹೇಳುವವರು ಬೇಕು” ಅಂದರು. ಆಮೇಲೆ ಆಯಿಯನ್ನೇ ನೇರವಾಗಿ ಕೇಳಿದರು, ಮಾಡುವುದೋ ಬೇಡವೋ ಎಂದು. ಅಷ್ಟು ದಿನ ನಾವ್ಯಾರೂ ಅವಳನ್ನು ಕೇಳಿರಲಿಲ್ಲ.

ಆಯಿ ನನ್ನ ಕಡೆ ನೋಡಿದಳು. “ಹೊಟ್ಟಿಗಿ ಎರಡ ಗುಂಡಿ ಹಚ್ಚತಾರಂತ? ನೀ ಒಳಗ ಇರತೀ?”

“ಇರತೀನಿ.”

“ಹಂಗಾರ ಹಚ್ಚಲಿ.”

ಶುಕ್ರವಾರ

ಆಯಿತು ಅವ್ವಾ. ನಿನ್ನೆ ಆಯಿತು.

ಟೋಪಿ, ಮಾಸ್ಕು, ಗೌನು ಎಲ್ಲ ಹಾಕಿಸಿ ನನ್ನನ್ನು ಆಯಿಯ ತಲೆಯ ಹತ್ತಿರ ನಿಲ್ಲಿಸಿದರು. “ನೀನು ಎಂತಕ್ಕೆ ನಡುಗುವುದು? ಪೇಷಂಟ್ ನೀನಾ?” ಎಂದರು ಡಾಕ್ಟರು. ಆಯಿಗೆ ಅರೆನಿದ್ದೆಯಷ್ಟೇ ಮದ್ದು ಕೊಟ್ಟಿದ್ದರು. ಕೊಳವೆ ಒಳಗೆ ಹೋಯಿತು. ಆಮೇಲೆ ಕೋಣೆಯ ದೀಪ ಆರಿಸಿ ಅಂದರು.

ಅಷ್ಟೊತ್ತಿಗೆ ಆಯಿಯ ಹೊಟ್ಟೆಯ ಎಡಭಾಗದಲ್ಲಿ ಒಳಗಿನಿಂದ ಬೆಳಕು ಬಂತು. ಕೆಂಪಗೆ, ದಾಸವಾಳದ ಎಸಳನ್ನು ಬಿಸಿಲಿಗೆ ಹಿಡಿದ ಹಾಗೆ. ಎಲ್ಲಿ ಬೆಳಕು ಚೆನ್ನಾಗಿ ಕಾಣುತ್ತದೋ ಅಲ್ಲಿ ಕರುಳಿಗೂ ಚರ್ಮಕ್ಕೂ ನಡುವೆ ಬೇರೇನೂ ಅಡ್ಡವಿಲ್ಲ ಎಂದರ್ಥ. ಡಾಕ್ಟರು ಬೆರಳಿನಿಂದ ಒತ್ತಿದರೆ ಪರದೆಯ ಮೇಲೆ ಕರುಳು ಒಳಗೆ ತಗ್ಗಿದ್ದು ಕಾಣುತ್ತಿತ್ತು. ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್, ಸೂಜಿ, ದಾರ, ಟ್ಯೂಬು. ಮತ್ತೆ ಸ್ವಲ್ಪ ಆಚೆ ಇನ್ನೊಂದು. “ಉಸಿರ ಹಿಡಿ ಆಯೀ”, “ಬಿಡು ಆಯೀ” ಎಂದು ನಾನು ಹೇಳುತ್ತಿದ್ದೆ. ನನ್ನ ಉಸಿರನ್ನು ಹಿಡಿದೆನೋ ಬಿಟ್ಟೆನೋ ನೆನಪಿಲ್ಲ. ನಡುವೆ ಆಯಿ ಮಂಪರಿನಲ್ಲಿ ಏನೇನೋ ಮಾತಾಡಿದಳು. ಮಂಪರಿನ ಮಾತು, ಅದನ್ನು ಬಿಡು.

ಈಗ ಹೊಟ್ಟೆಯ ಮೇಲೆ ಎರಡು ಸಣ್ಣ ಬಿಲ್ಲೆಗಳಿವೆ. ಕಾಕಾ ಬಂದು, ಕಣ್ಣು ಕಿರಿದು ಮಾಡಿ ನೋಡಿ, “ಫಿಟಿಂಗ್ ಛಲೋ ಆಗೇತಿ” ಎಂದು ಸರ್ಟಿಫಿಕೇಟ್ ಕೊಟ್ಟ. ಆಯಿ ಗಂಜಿ ಕುಡಿದಿದ್ದಾಳೆ. ಪಕ್ಕದ ಬೆಡ್ಡಿನವರಿಗೆ, “ನನ್ನ ಹೊಟ್ಯಾಗ ದೀಪ ಹಚ್ಚಿದ್ರವಾ” ಎಂದು ಕನ್ನಡದಲ್ಲೇ ವರದಿ ಒಪ್ಪಿಸುತ್ತಿದ್ದಾಳೆ, ಅವರು ಗುಜರಾತಿಯವರು, ತಲೆ ಆಡಿಸುತ್ತಿದ್ದಾರೆ. ಇಷ್ಟಾದರೂ ಗೆದ್ದೆವು ಎನ್ನುವಂತಿಲ್ಲ. ಜ್ವರ ಬರಬಾರದು, ಸುತ್ತ ಕೀವಾಗಬಾರದು. ನಾನು ಅರ್ಧ ಗಂಟೆಗೊಮ್ಮೆ ಅವಳ ಹಣೆ ಮುಟ್ಟುತ್ತೇನೆ. “ಕೈ ತಗೀ, ನಿನ್ನ ಕೈಯಾಗ ಜ್ವರಾ ಐತಿ” ಎನ್ನುತ್ತಾಳೆ.

ಇಷ್ಟು ನಿನಗೆ ತಿಳಿಸಬೇಕಿತ್ತು. ಮನೀಶನಿಗೆ ಗೇಮು ಬಿಟ್ಟು ಗಣಿತ ಮಾಡಲು ಹೇಳು. ಅವನ ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವಾಗ ಸಾವಕಾಶ. ನೀನು ದೂರದಿಂದಲೇ ತಲೆಯ ಮೇಲೆ ಕೈ ಇಟ್ಟೆ ಎಂದುಕೊಂಡು ಮಲಗುತ್ತೇನೆ, ಯಾವಾಗಲೂ ಹಾಗೇ. ಇವತ್ತು ಆಯಿಗೂ ಒಂದು ಒಳ್ಳೆಯ ಮಾತು ಹಾರೈಸು, ಆಗುವುದಾದರೆ.

ನಿನ್ನ ಮಗಳು,
ನೀಲಗಂಗಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ‘ಅದನ್ನು ಬಿಡು’ ಎಂದು ಬರೆದೆನಲ್ಲ, ನನಗೇ ಬಿಡಲಾಗುತ್ತಿಲ್ಲ.

ದೀಪ ಆರಿಸಿದ್ದಾಗ ಆಯಿ ಕಣ್ಣು ತೆರೆದು ನನ್ನನ್ನು ನೋಡಿದಳು. ಮಾಸ್ಕಿನ ಮೇಲೆ ಕಣ್ಣಷ್ಟೇ ಕಾಣುತ್ತಿತ್ತು. ನನಗೆ ನಿನ್ನ ಕಣ್ಣು ಎಂದು ಎಲ್ಲರೂ ಹೇಳುತ್ತಾರಲ್ಲ. “ವಂದನಾ, ಬಂದ್ಯಾ?” ಅಂದಳು. ಅವಳ ಬಾಯಲ್ಲಿ ನಿನ್ನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅಲುಗಾಡಿದರೆ ಸೂಜಿ ತಪ್ಪುತ್ತದೆಂದು ನಾನು “ಹೂಂ ಅತ್ತಿ, ಬಂದೀನಿ” ಅಂದೆ.

“ಮಗಾ ಹೋದಾ, ಅವನ ಕೂಸೂ ಹೋದ್ರ ನನಗೇನ ಉಳೀತು ಅಂತ ಹಟಾ ಹಿಡದೆ ನೋಡ. ಇಟಗೊಳ್ಳಾಕೂ ಆಗಲಿಲ್ಲ, ಹಾಸ್ಟೆಲಿಗಿ ಹಾಕಿದೆ. ನೀ ಹೋಳಿಗಿ ಕಟಗೊಂಡ ಹಾಸ್ಟೆಲಿಗಿ ಬರತಿದ್ದೆಂತ. ಗೇಟಿನ್ಯಾಗಿಂದ ಹೊಳ್ಳಿ ಕಳಸ್ರಿ ಅಂತ ಹೇಳಿದಾಕಿ ನಾನ. ಸಿಟ್ಟ ಐತೇನ ಇನ್ನೂ?”

“ಇಲ್ಲ ಅತ್ತಿ” ಅಂದೆ. ಅವಳು ಕಣ್ಣು ಮುಚ್ಚಿದಳು. ಎದ್ದ ಮೇಲೆ ಅವಳಿಗೆ ಒಂದೂ ನೆನಪಿಲ್ಲ.

ನಿನ್ನ ಪರವಾಗಿ ಉತ್ತರ ಕೊಟ್ಟುಬಿಟ್ಟೆ. ಅದು ನಿಜವೋ ಸುಳ್ಳೋ ನೀನೇ ಹೇಳಬೇಕು. ನನ್ನ ಪರವಾಗಿ ನಾನಿನ್ನೂ ಏನನ್ನೂ ಹೇಳಿಲ್ಲ.

ನೀನು ಬಂದಿದ್ದೆಯಾ ಅವ್ವಾ? ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಗೇಟಿನಿಂದ ತಿರುಗಿ ಹೋಗಿದ್ದೆಯಾ? ನಾನು ಊಟದ ಹಾಲಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಅಲ್ಲಿಂದ ಗೇಟು ಕಾಣುತ್ತಿರಲಿಲ್ಲ. ಇಷ್ಟು ವರ್ಷ ಇಷ್ಟು ಕಾಗದ ಬರೆದೆ, ಒಂದರಲ್ಲಾದರೂ ಯಾಕೆ ಹೇಳಲಿಲ್ಲ?

ಇದನ್ನು ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ. ಇಲ್ಲಿಯೂ ಭೇಟಿ ಭಾನುವಾರವೇ, ನಾಲ್ಕರ ಮೇಲೆ. ಈ ಸಲ ಗೇಟಿನಲ್ಲಿ ನಾನು ನಿಂತಿರುತ್ತೇನೆ.